ಬಾಹ್ಯಾಕಾಶಕ್ಕೆ ಜೊತೆ ಬರುವವರು

ಐವತ್ತನಾಲ್ಕು ವರ್ಷದ, ಕಾಟನ್ ಸೀರೆ ಉಡುವ, ಜಯನಗರದ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ಫೈಲು ನೋಡುವ ಹೆಂಗಸಿಗೆ ಬಾಹ್ಯಾಕಾಶದ ಸಿನಿಮಾ ಹುಚ್ಚಿದ್ದರೆ, ಅವಮಾನಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಸ್ಸು ಹತ್ತಿ ಬನಶಂಕರಿಯ ಮನೆಯವರೆಗೆ ಬರುತ್ತವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ. ಎಲ್ಲವನ್ನೂ ಬರೆದರೆ ಮನೆಯವರು ಓದಿಯಾರು ಎಂಬ ಭಯ. ಅವರು ಓದುವುದಿಲ್ಲ, ಆದರೂ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ರಾಕೆಟ್ಟು, ರೋಬೋ, ಅನ್ಯಗ್ರಹ, ಕಾಲಯಂತ್ರ, ಯಾವುದಾದರೂ ಸರಿ. ನನ್ನ ಪಕ್ಕದಲ್ಲಿ ಕೂತು ಕೊನೆಯ ದೃಶ್ಯದವರೆಗೆ ನೋಡಿ, ಆಮೇಲೆ ಕಾಫಿ ಕುಡಿಯುತ್ತ ಅದರ ಬಗ್ಗೆ ಜಗಳವಾಡುವ ಒಬ್ಬರು. ಇಷ್ಟೇ. ರೇಷ್ಮೆ ಸೀರೆ ಕೇಳಿದ್ದರೆ ಎಂದೋ ಸಿಕ್ಕಿರುತ್ತಿತ್ತು.

ಬೇಸ್‌ಮೆಂಟು

ಮೊದಲ ಉಮೇದುವಾರರು ನಮ್ಮ ಮನೆಯವರೇ. ಕುಮಾರಸ್ವಾಮಿ ಲೇಔಟಿನಲ್ಲಿ ಅವರದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಒಳ್ಳೆಯವರು. ಕರೆದರೆ ಸಿನಿಮಾಕ್ಕೆ ಬರುತ್ತಾರೆ, ನಿದ್ದೆ ಮಾಡುವುದಿಲ್ಲ, ಪಾಪ್‌ಕಾರ್ನು ಕೊಡಿಸುತ್ತಾರೆ. ಆದರೆ ಸಿನಿಮಾ ಮುಗಿಯುವ ಹತ್ತು ನಿಮಿಷ ಮುಂಚೆ ಎದ್ದು ನಿಲ್ಲುತ್ತಾರೆ.

ಕಾರಣ, ಮಾಲಿನ ಪಾರ್ಕಿಂಗು. ಕಾರು ನೆಲದಡಿ ಮೂರನೇ ಅಂತಸ್ತಿನಲ್ಲಿರುತ್ತದೆ. ಶೋ ಬಿಟ್ಟ ಮೇಲೆ ಎಲ್ಲರ ಜೊತೆ ಹೊರಟರೆ ಬನ್ನೇರುಘಟ್ಟ ರಸ್ತೆ ಕಾಣಲು ಮುಕ್ಕಾಲು ಗಂಟೆ. ಮಾಲುಗಳು ಬಂದಾಗಿನಿಂದ ಒಂದೇ ಒಂದು ಸಲವೂ ತಾವು ಆ ಸಾಲಿನಲ್ಲಿ ಸಿಕ್ಕಿಕೊಂಡಿಲ್ಲ ಎಂಬುದು ಅವರ ಜೀವಮಾನದ ಹೆಮ್ಮೆ. ಯಾವಾಗ ಏಳಬೇಕೆಂಬುದಕ್ಕೆ ಲೆಕ್ಕಾಚಾರವೂ ಇದೆ. ಶತ್ರುವಿನ ಹಡಗಿಗೆ ಮೊದಲ ಬೆಂಕಿ ಹತ್ತಿದರೆ ಚಪ್ಪಲಿ ಹಾಕಿಕೊಳ್ಳಬೇಕು. ನಾಯಕ ಆಕಾಶ ನೋಡಿ ಏನಾದರೂ ಹೇಳಲು ಬಾಯಿ ತೆರೆದರೆ ಬಾಗಿಲ ಹತ್ತಿರ ಇರಬೇಕು.

"ಇನ್ನು ಹತ್ತೇ ನಿಮಿಷ ಕಣ್ರೀ" ಎಂದು ನಾನು ಗೋಗರೆದರೆ, "ಕೊನೆಗೆ ಅವರೇ ಗೆಲ್ಲೋದು. ನಾವು ಮನೆ ಸೇರ್ಬೇಕಲ್ಲ" ಎನ್ನುತ್ತಿದ್ದರು. ಹೀಗೆ ಎಷ್ಟು ಗ್ರಹಗಳು ಉಳಿದವೋ ಎಷ್ಟು ಹೋದವೋ ನನಗೆ ತಿಳಿಯದು. ಒಂಟಿಯಾಗಿ ಉಳಿದು ನೋಡಿ ಬರುತ್ತೇನೆ ಎನ್ನಬಹುದು ಎಂಬುದೇ ನನಗೆ ಆಗ ಹೊಳೆದಿರಲಿಲ್ಲ. ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಮ್ಮೆ ಹಾಗೆ ಎದ್ದು ಬಂದ ಮಾರನೆಯ ದಿನ ಆಫೀಸಿನಲ್ಲಿ ತಿಳಿಯಿತು, ಕೊನೆಯ ಐದು ನಿಮಿಷದಲ್ಲಿ ಇಡೀ ಭೂಮಿಯೇ ನಾಶವಾಯಿತಂತೆ. ಯಾರೂ ಗೆಲ್ಲಲಿಲ್ಲವಂತೆ. ಸಂಜೆ ಮನೆಗೆ ಬಂದವಳೇ ಬಾಗಿಲಲ್ಲೇ ನಿಂತು, "ಕೇಳಿಸ್ಕೊಂಡ್ರಾ, ಭೂಮಿ ಉಳೀಲೇ ಇಲ್ವಂತೆ" ಎಂದೆ.

ಅವರು ಸಮಾಧಾನವಾಗಿ ಹೇಳಿದರು: "ನೋಡಿದ್ಯಾ? ಬೇಗ ಹೊರಟಿದ್ದು ಒಳ್ಳೇದಾಯ್ತು."

ಒಬ್ಬರಿಗೆ ಒಂದು ಟಿಕೆಟ್ಟು

ಅದಾದ ಮೇಲೆ ಒಬ್ಬಳೇ ಹೋಗತೊಡಗಿದೆ. ಜೆ.ಪಿ. ನಗರದ ಒಂದು ಥಿಯೇಟರಿನಲ್ಲಿ ಟಿಕೆಟ್ಟು ಹರಿಯುವಾತ ನನ್ನನ್ನೂ ಟಿಕೆಟ್ಟನ್ನೂ ಎರಡೆರಡು ಸಲ ನೋಡಿ, "ಮೇಡಂ, ಫ್ಯಾಮಿಲಿ ಪಿಕ್ಚರ್ ಆ ಕಡೆ, ಸ್ಕ್ರೀನ್ ನಾಲ್ಕು" ಎಂದ.

"ನಂದು ಇದೇ" ಎಂದೆ.

"ಮಕ್ಕಳು ಒಳಗಿದಾರಾ?"

"ಇಲ್ಲ."

"ಸಾರ್ ಬರ್ತಿದಾರಾ?"

"ಇಲ್ಲ."

ಅವನ ಮುಖದಲ್ಲಿ ಮೂಡಿದ ಮರುಕ ಎಷ್ಟಿತ್ತೆಂದರೆ, ನನ್ನ ಬಗ್ಗೆ ನನಗೇ ಅನುಮಾನವಾಯಿತು. ಒಳಗೆ ಹೋಗಿ ಕೂತೆ. ಅನ್ಯಗ್ರಹದ ಜೀವಿ ಮೊಟ್ಟಮೊದಲ ಬಾರಿಗೆ ಮನುಷ್ಯನ ಕಡೆ ಕೈ ಚಾಚುವ ಹೊತ್ತಿಗೆ, ಯಾರೂ ಉಸಿರಾಡದ ಆ ಗಳಿಗೆಯಲ್ಲಿ, ನನ್ನ ಮುಖಕ್ಕೆ ಟಾರ್ಚು ಬಿತ್ತು. ಅದೇ ಮನುಷ್ಯ. ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದ: "ಮೇಡಂ, ಅರ್ಥ ಆಗ್ತಿದ್ಯಾ?"

ವಯಸ್ಸಿನ ದಾಖಲೆ

ಒಬ್ಬಳೇ ಕೊನೆಯವರೆಗೆ ನೋಡುವುದೇನೋ ಆಯಿತು. ಮಾತಾಡುವುದು ಯಾರ ಜೊತೆ? ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಕಥೆ ಹೇಳಿದೆ. ಒಬ್ಬ ಗಗನಯಾತ್ರಿ ಬಹಳ ವೇಗವಾಗಿ ಬಹಳ ದೂರ ಹೋಗುತ್ತಾನೆ. ಅವನಿಗೆ ಎರಡೇ ವರ್ಷ, ಇಲ್ಲಿ ನಲವತ್ತು ವರ್ಷ. ವಾಪಸ್ ಬಂದರೆ ತಂಗಿ ಅಜ್ಜಿಯಾಗಿದ್ದಾಳೆ. ಅಣ್ಣನ ಕೆನ್ನೆ ಮುಟ್ಟಿ ನೋಡಿ, ಅವನಿಗೆ ತಟ್ಟೆ ಹಾಕುತ್ತಾಳೆ.

ಎಲ್ಲರೂ ತುತ್ತು ಕೈಯಲ್ಲೇ ಹಿಡಿದು ಕೂತರು. ನಾನು ಮನಸ್ಸಿನಲ್ಲೇ ಹಿಗ್ಗಿದೆ. ಆಗ ನಮ್ಮ ಬ್ರಾಂಚ್ ಮ್ಯಾನೇಜರು ಕೇಳಿದರು: "ವಯಸ್ಸಿಗೆ ಯಾವ ದಾಖಲೆ ತಗೊಳ್ಳೋದು?"

"ಬರ್ತ್ ಸರ್ಟಿಫಿಕೇಟ್ ಪ್ರಕಾರ ಎಂಬತ್ತು ಸಾರ್, ನೋಡಕ್ಕೆ ನಲವತ್ತೆರಡು" ಎಂದು ಒಬ್ಬರು.

"ಅಷ್ಟು ವರ್ಷ ಸುಳಿವಿಲ್ಲ ಅಂದ್ರೆ ಸತ್ತಿದಾನೆ ಅಂತ ನಾವು ಫೈಲ್ ಕ್ಲೋಸ್ ಮಾಡಿರ್ತೀವಲ್ಲ" ಎಂದು ಇನ್ನೊಬ್ಬರು.

ಊಟದ ಸಮಯ ಮೀರಿದರೂ ಚರ್ಚೆ ಮುಗಿಯಲಿಲ್ಲ. ನಮ್ಮ ಕಚೇರಿಯಲ್ಲಿ ಅಷ್ಟು ಉತ್ಸಾಹವನ್ನು ನಾನು ಯೂನಿಯನ್ ಮೀಟಿಂಗಿನಲ್ಲೂ ಕಂಡಿಲ್ಲ. ಮಾರನೆಯ ಬೆಳಿಗ್ಗೆ ಮ್ಯಾನೇಜರು ನನ್ನನ್ನು ತಮ್ಮ ಕೋಣೆಗೆ ಕರೆದರು. "ಮೇಡಂ, ನೀವು ಹೇಳಿದ ಕಥೆ ತಲೆಯಿಂದ ಹೋಗ್ತಾನೇ ಇಲ್ಲ" ಎಂದರು. ಅಂತೂ ಒಬ್ಬರು ಸಿಕ್ಕರು ಅಂದುಕೊಂಡೆ.

"ಆ ತಂಗಿ ನಾಮಿನಿ ಆಗಿದ್ರೆ," ಎಂದರು ಅವರು, "ಅವಳದು ಹೊಸ ಫೋಟೋ ತಗೊಳ್ಳಲೇಬೇಕಾಗುತ್ತೆ."

ಯಾರೂ ಕೇಳದ ಅಭಿಪ್ರಾಯಗಳು

ಹೇಳುವವರಿಲ್ಲದೆ ಉಳಿದ ಅಭಿಪ್ರಾಯಗಳು ಹೊಟ್ಟೆಯಲ್ಲಿ ಕೂತು ಹುಳಿಯಾಗುತ್ತವೆ. ಒಂದೆರಡನ್ನು ಇಲ್ಲಿ ಇಳಿಸಿಬಿಡುತ್ತೇನೆ. ಹೊರದೇಶದ ಚಿತ್ರಗಳಲ್ಲಿ ಮೂರು ಡಾಕ್ಟರೇಟು ಪಡೆದ ವಿಜ್ಞಾನಿ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ, ಅವಳ ಕೆಲಸ ನಾಯಕನ ಮುಖ ನೋಡಿ "ಈಗೇನು ಮಾಡೋಣ?" ಎಂದು ಕೇಳುವುದು. ನಮ್ಮ ಕಡೆಯ ಚಿತ್ರಗಳಲ್ಲಿ ವಿಜ್ಞಾನಿಗೆ ಎರಡು ಕೆಲಸ, ಸೀಸೆಯಲ್ಲಿ ಹಸಿರು ನೀರು ಕುದಿಸುವುದು ಮತ್ತು ನಾಯಕಿಯ ತಂದೆಯಾಗಿರುವುದು. ಇಂಟರ್ವಲ್ಲಿನೊಳಗೆ ಸಾಯುತ್ತಾನೆ. ಕಾಲಯಂತ್ರ ಹತ್ತಿದ ಗಂಡಸರೆಲ್ಲ ಹಿಂದಕ್ಕೆ ಹೋಗಿ ಕೈತಪ್ಪಿದ ಹುಡುಗಿಯನ್ನೇ ಹುಡುಕುತ್ತಾರೆ. ಅಷ್ಟು ದೂರ ಹೋದವನು ತಾಯಿ ಒಬ್ಬಳೇ ತೊಳೆಯುತ್ತಿದ್ದ ಪಾತ್ರೆಗಳಲ್ಲಿ ನಾಲ್ಕನ್ನು ತೊಳೆದುಕೊಟ್ಟು ಬಂದದ್ದನ್ನು ನಾನಂತೂ ನೋಡಿಲ್ಲ.

ಇದನ್ನೆಲ್ಲ ಒಂದು ಭಾನುವಾರ ಮನೆಯವರ ಮುಂದೆ ಉಸಿರು ಬಿಡದೆ ಹೇಳಿದೆ. ಪೇಪರು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಗ್ಯಾಸ್ ಬುಕ್ ಮಾಡಿದ್ಯಾ?"

ಕೋಡುಬಳೆ

ಬಿಟಿಎಂ ಲೇಔಟಿನ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಇಂಥ ಸಿನಿಮಾಗಳ ಅಭಿಮಾನಿಗಳು ಸೇರುತ್ತಾರೆ ಎಂದು ಫೋನಿನಲ್ಲಿ ಓದಿ ಹೋದೆ. ಹತ್ತು ಹನ್ನೆರಡು ಹುಡುಗರು, ಇಬ್ಬರು ಹುಡುಗಿಯರು. ನನ್ನನ್ನು ಕಂಡೊಡನೆ ಎಲ್ಲರೂ ಎದ್ದು ನಿಂತರು. ಒಬ್ಬ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಯಾರನ್ನ ಕರ್ಕೊಂಡು ಹೋಗಕ್ಕೆ ಬಂದ್ರಿ ಆಂಟಿ?" ಎಂದು ಇನ್ನೊಬ್ಬ ಕೇಳಿದ.

ಕೂತುಕೊಳ್ಳಲು ಬಂದೆ ಎಂದೆ. ಕೂರಿಸಿಕೊಂಡರು. ತಪ್ಪು ನನ್ನದೇ, ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬ ಕೋಡುಬಳೆ ಒಯ್ದಿದ್ದೆ. ವಿಜ್ಞಾನಿ ಹೆಂಗಸಿನ ಬಗ್ಗೆ ನನ್ನ ಮಾತು ಹೇಳಿದೆ. "ಸಖತ್ ಪಾಯಿಂಟ್ ಆಂಟಿ" ಎಂದ ಒಬ್ಬ, ಬಾಯಿ ತುಂಬಿಕೊಂಡೇ. ಆಮೇಲೆ ಎರಡು ಗಂಟೆ ಅವರು ಯಾವ ಹಡಗು ಯಾವ ಹಡಗಿಗಿಂತ ವೇಗ ಎಂದು ಕೂಗಾಡಿದರು. ನಾನು ಡಬ್ಬ ಖಾಲಿಯಾಗುವುದನ್ನು ನೋಡುತ್ತ ಕೂತೆ.

ಆದರೂ ಐದು ಭಾನುವಾರ ಹೋದೆ. ಆರನೆಯದಕ್ಕೆ ನಮ್ಮ ಅತ್ತೆ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಇನ್ನು ಕೆಲವು ತಿಂಗಳು ಬರಲಾಗದು ಎಂದು ಗುಂಪಿಗೆ ಬರೆದೆ. ಕೂಡಲೇ ಉತ್ತರ ಬಂತು: "ಪರ್ವಾಗಿಲ್ಲ ಆಂಟಿ, ನೀವು ರೆಸ್ಟ್ ಮಾಡಿ. ಡಬ್ಬ ಕಲೆಕ್ಟ್ ಮಾಡ್ಕೊಳ್ಳಕ್ಕೆ ನಾವೇ ಬರ್ತೀವಿ."

ಬಾಗಿಲ ಹಿಂದೆ

ಅತ್ತೆಗೆ ಎಂಬತ್ತೊಂದು. ಇಪ್ಪತ್ತೆಂಟು ವರ್ಷದಲ್ಲಿ ನಾನು ಮಾಡಿದ ಒಂದು ಸಾರನ್ನೂ ಅವರು ಚೆನ್ನಾಗಿದೆ ಎಂದದ್ದಿಲ್ಲ. ಆಪರೇಷನ್ ಆದ ಮೇಲೆ ಅವರ ಮಂಚ ಹಾಲಿಗೆ ಬಂತು, ಟೀವಿಯ ಎದುರಿಗೆ. ಕಣ್ಣಿನ ಪೊರೆ ತೆಗೆಸುವುದು ಕಾಲು ವಾಸಿಯಾದ ಮೇಲೆ ಎಂದಾಗಿದ್ದರಿಂದ ಅವರಿಗೆ ಬಣ್ಣ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡರೆ ಸಂಜೆಯವರೆಗೆ ಧಾರಾವಾಹಿಗಳು. ಎರಡು ವಾರಕ್ಕೆ ಅವೂ ಬೇಸರವಾದವು.

"ಆ ಸೊಸೆ ಸೋಮವಾರದಿಂದ ಮೆಟ್ಟಿಲು ಇಳೀತಾನೇ ಇದಾಳೆ. ಬೇರೆ ಏನಾದ್ರೂ ಹಾಕು" ಎಂದರು.

ಆಫೀಸಿನಿಂದ ಬಂದು, ಕೈಕಾಲು ತೊಳೆದು, ನಾನು ಅರ್ಧ ನೋಡಿ ಬಿಟ್ಟಿದ್ದ ಒಂದು ಇಂಗ್ಲಿಷ್ ಸರಣಿಯನ್ನು ಮೊದಲಿನಿಂದ ಹಾಕಿದೆ. ನಲವತ್ತು ಜನ ವಾಸಕ್ಕೆ ಜಾಗ ಹುಡುಕುತ್ತ ಆಕಾಶದಲ್ಲಿ ಹೊರಟ ಹಡಗಿನ ಕಥೆ. ಒಳಗಿನವರೇ ಯಾರೋ ದಾರಿ ತಪ್ಪಿಸಿದ್ದಾರೆ.

"ಯಾರೇ ಅವಳು?"

"ಹಡಗಿನ ಕ್ಯಾಪ್ಟನ್ ಅತ್ತೆ."

"ಗಂಡ ಎಲ್ಲಿ?"

"ಇಲ್ಲ."

"ಅನುಕೂಲ" ಎಂದರು ಅತ್ತೆ.

ಅಂದಿನಿಂದ ಪ್ರತಿ ಸಂಜೆ ಒಂದು ಕಂತು. ನಾನು ಕನ್ನಡದಲ್ಲಿ ಹೇಳುತ್ತ ಹೋಗುವುದು, ಅವರು ಕೇಳುತ್ತ ಹೋಗುವುದು. ಇಂಥ ಪ್ರಶ್ನೆಗಳನ್ನು ಬಿಟಿಎಂ ಹುಡುಗರು ಒಮ್ಮೆಯೂ ಕೇಳಿರಲಿಲ್ಲ. ಕುಡಿಯುವ ನೀರು ಎಲ್ಲಿಂದ? ಮುಟ್ಟಾದವರು ಏನು ಮಾಡುತ್ತಾರೆ? ನಲವತ್ತು ಜನಕ್ಕೆ ಬೇಯಿಸಿಹಾಕುವವಳನ್ನು ಯಾಕೆ ಒಂದು ಸಲವೂ ತೋರಿಸಲಿಲ್ಲ? ಇಷ್ಟು ವರ್ಷ ಊರೆಲ್ಲ ಹುಡುಕಿದ ಜೊತೆ ನನ್ನ ಮನೆಯಲ್ಲೇ, ನನ್ನ ಸಾರಿಗೆ ಮೂಗು ಮುರಿಯುತ್ತ ಕೂತಿತ್ತು.

ಎಂಟನೆಯ ಕಂತಿನ ಕೊನೆಯಲ್ಲಿ ಕ್ಯಾಪ್ಟನ್ ಹಡಗಿನ ತಳದಲ್ಲಿದ್ದ, ಬೀಗ ಹಾಕಿದ ಬಾಗಿಲನ್ನು ತೆರೆಯುತ್ತಾಳೆ. ಮುಖದ ಮೇಲೆ ಬೆಳಕು ಬೀಳುತ್ತದೆ. ಅಲ್ಲಿಗೆ ನಿಂತಿತು. ಮುಂದಿನ ಭಾಗ ಎಲ್ಲಿ ಎಂದು ಹುಡುಕಿದರೆ, ನೋಡುವವರು ಸಾಲದೆಂದು ಸರಣಿಯನ್ನೇ ಕೈಬಿಟ್ಟಿದ್ದರು. ಇಂಥ ಸರಣಿಗಳಿಗೆಲ್ಲ ಇದೇ ಗತಿ, ನನಗೆ ರೂಢಿಯಾಗಿದೆ. ಅತ್ತೆಗೆ ರೂಢಿಯಿರಲಿಲ್ಲ.

"ಬಾಗಿಲ ಹಿಂದೆ ಏನಿತ್ತು?" ಎಂದು ಬೆಳಿಗ್ಗೆ ಕೇಳಿದರು, ಸಂಜೆ ಕೇಳಿದರು. ಕೆಲಸದವಳನ್ನು ಕೇಳಿದರು. ವ್ಯಾಯಾಮ ಮಾಡಿಸಲು ಬಂದ ಫಿಜಿಯೋಥೆರಪಿಯ ಹುಡುಗಿಗೆ, "ಅದನ್ನ ಹೇಳು, ಆಮೇಲೆ ಕಾಲು ಎತ್ತುತೀನಿ" ಎಂದು ಹಟ ಹಿಡಿದರು. ನಾಲ್ಕು ದಿನ ಕಾಲು ಎತ್ತಲಿಲ್ಲ. ಹೀಗೇ ಬಿಟ್ಟರೆ ಮತ್ತೆ ನಡೆಯುವುದೇ ಕಷ್ಟ ಎಂದು ಆ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ನನಗೆ ಆ ಭಯವೂ ಇತ್ತು, ಸಿಕ್ಕ ಒಬ್ಬರೂ ಕೈತಪ್ಪುತ್ತಾರೆಂಬ ಭಯವೂ ಇತ್ತು. ಎರಡನೆಯದೇ ಹೆಚ್ಚಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

"ಎರಡನೇ ಭಾಗ ಬಂತು ಅತ್ತೆ" ಎಂದೆ.

ಮಧ್ಯಾಹ್ನ ಆಫೀಸಿನಲ್ಲಿ ಹಾಳೆಯ ಮೇಲೆ ಕಥೆ ಕಟ್ಟುವುದು, ಸಂಜೆ ಬೇರೆ ಯಾವುದಾದರೂ ಬಾಹ್ಯಾಕಾಶದ ಚಿತ್ರವನ್ನು ಸದ್ದು ತಗ್ಗಿಸಿ ಹಾಕಿ ಅದರ ಮೇಲೆ ನನ್ನ ಕಥೆ ಹೇಳುವುದು. ಅತ್ತೆ ಕಾಲು ಎತ್ತಿದರು. ಸಿಕ್ಕಿಬೀಳುವ ಭಯ ಇದ್ದೇ ಇತ್ತು.

"ಇವಳ ಕೂದಲು ಮೊದಲು ಕೆಂಪಗಿತ್ತಲ್ಲೇ?"

"ಬಣ್ಣ ಹಾಕ್ಕೊಂಡಿದಾಳೆ ಅತ್ತೆ."

"ನಲವತ್ತು ಜನರ ಜೀವ ಕೈಲಿಟ್ಕೊಂಡು ಇವಳಿಗೆ ಬಣ್ಣ ಬೇರೆ ಕೇಡು."

ಮೂರು ವಾರ ನಡೆಯಿತು. ಕೊನೆಯ ಸಂಜೆಗಾಗಿ ನನ್ನಲ್ಲಿದ್ದದ್ದನ್ನೆಲ್ಲ ಹಾಕಿದೆ. ಬಾಗಿಲ ಹಿಂದೆ ಹಿಂದಿರುಗುವ ದಾರಿಯ ನಕ್ಷೆ ಇತ್ತು. ಎಲ್ಲರಿಗೂ ಹೊಸ ಗ್ರಹದಲ್ಲಿ ನೆಲೆ ಮಾಡಿಕೊಟ್ಟು, ಕ್ಯಾಪ್ಟನ್ ಒಬ್ಬಳೇ ಅಷ್ಟು ದೂರ ವಾಪಸ್ ಬರುತ್ತಾಳೆ. ಅವಳ ಮನೆಯ ಬಾಗಿಲು ತೆರೆದಿರುತ್ತದೆ, ಎಲ್ಲರೂ ಕಾಯುತ್ತಿರುತ್ತಾರೆ. ಹೇಳಿ ಮುಗಿಸಿ ಟೀವಿ ಆರಿಸಿದೆ. ಎರಡು ಲೋಟ ಕಾಫಿ ತಂದು ಕೂತೆ.

ಅತ್ತೆ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಮೊದಲನೇ ಭಾಗ ಬರೆದೋನು ಬುದ್ಧಿವಂತ" ಎಂದರು. "ಈ ಎರಡನೇದು ಬರೆದಿರೋದು ಯಾವುದೋ ದಡ್ಡ ಮುಂಡೇದು."

"ಯಾಕತ್ತೆ, ಚೆನ್ನಾಗೇ ಇತ್ತಲ್ಲ?" ಎಂದೆ. ದನಿ ಏರಿತ್ತು.

"ಏನು ಚೆನ್ನಾಗಿತ್ತು? ಅಷ್ಟು ದೂರ ಹೋದೋಳು ಮನೆಗ್ಯಾಕೆ ವಾಪಸ್ ಬರ್ಬೇಕು? ಇಲ್ಲಿ ಇವಳನ್ನ ಕೇಳೋರು ಯಾರಿದ್ರು? ಇದ್ದಾಗ ಒಂದಿನ ಚೆನ್ನಾಗಿ ಮಾತಾಡಿಸಿದ್ರಾ, ಹೋದ ಮೇಲೆ ಬಾಗಿಲು ತೆಗ್ದು ಕಾಯಕ್ಕೆ?"

ನನಗೆ ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಹೆಚ್ಚಾಗಿ ರೋಷ ಬಂತು. ಅವಳಿಗೆ ಅವರು ಬೇಕಾಗಿದ್ದರು ಎಂದೆ. ಬೇಕಾಗಿದ್ದರೆ ಹೋಗುತ್ತಲೇ ಇರಲಿಲ್ಲ ಎಂದರು. ಹಾಗಾದರೆ ಕೊನೆ ಏನು, ನೀವೇ ಹೇಳಿ ಎಂದೆ. ಬರೆದವನಿಗೇ ಗೊತ್ತಿಲ್ಲ, ನನ್ನನ್ನೇನು ಕೇಳ್ತೀಯ ಎಂದರು. ಕಾಫಿ ಆರಿಹೋಯಿತು. ಇಬ್ಬರೂ ಕೂಗಾಡುತ್ತಿದ್ದೆವು. ಅಂಗಡಿಯಿಂದ ಬಂದ ನಮ್ಮ ಮನೆಯವರು ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತು, "ಏನಮ್ಮಾ ಗಲಾಟೆ?" ಎಂದರು.

ಅತ್ತೆ ನನ್ನ ಕಡೆ ಕೈ ತೋರಿಸಿ ಹೇಳಿದರು: "ನಿನ್ನ ಹೆಂಡ್ತಿಗೆ ಸಿನಿಮಾ ನೋಡಕ್ಕೇ ಬರಲ್ಲ ಕಣೋ."