ಅಂಜುಬುರುಕಿ ಬೆಕ್ಕಿಗೆ ಸಂಬಂಧ ನೋಡಿದ್ದು

"ಶಿಕಾರಿಪುರದಿಂದ ಸೊರಬದ ತನಕ ನಾನು ಕೂಡಿಸಿದ ಸಂಬಂಧ ಒಂದಾದರೂ ಮುರಿದದ್ದುಂಟಾ? ಗೊರಕೆ ಹೊಡೆಯೋನಿಗೆ, ಜಗಳಗಂಟಿಗೆ, ಕೇಳಿದ್ದಕ್ಕೆ ಹೂಂ ಅಂತಲೂ ಅನ್ನದ ಮೌನಿಗೆ ಮದುವೆ ಮಾಡಿಸಿದ ಕೈ ಇದು. ಒಂದು ಬೆಕ್ಕಿಗೆ ಮನೆ ಹುಡುಕೋದು ಯಾವ ಲೆಕ್ಕ? ಭಾನುವಾರದೊಳಗೆ ಮಾಡಿ ತೋರಿಸ್ತೀನಿ!"

ನಿರ್ಮಲಮ್ಮನ ಶೆಡ್ಡಿನಲ್ಲಿ ನಿಂತು ಜಗದಾಂಬಕ್ಕ ಸೆರಗು ಸೊಂಟಕ್ಕೆ ಸಿಗಿಸಿ ಹೀಗೆ ಘೋಷಣೆ ಮಾಡಿದ್ದೇ ತಡ, ಬೆಕ್ಕು ಎಣ್ಣೆ ಡಬ್ಬದ ಹಿಂದಕ್ಕೆ ಇನ್ನೊಂದು ಗೇಣು ಸರಿಯಿತು.

ನಿರ್ಮಲಮ್ಮ ಅಂದರೆ ಶಿಕಾರಿಪುರದಲ್ಲಿ ಬೀದಿಗೆ ಬಿದ್ದ ನಾಯಿ ಬೆಕ್ಕುಗಳಿಗೆಲ್ಲ ತಾಯಿ. ಹಳೇ ಅಕ್ಕಿ ಗಿರಣಿ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವನ್ನು ಇಟ್ಟುಕೊಂಡು ಸಾಕುತ್ತಿದ್ದಳು. ಈಗ ಗಿರಣಿಯವರು ಅಲ್ಲಿ ಅಂಗಡಿ ಮಳಿಗೆ ಕಟ್ಟಿಸುತ್ತಾರಂತೆ, ಸೋಮವಾರ ಜೆಸಿಬಿ ಬರುತ್ತದಂತೆ. ಮಿಕ್ಕ ಪ್ರಾಣಿಗಳಿಗೆಲ್ಲ ಹೇಗೋ ಮನೆ ಸಿಕ್ಕಿತ್ತು. ಉಳಿದದ್ದು ಗುಬ್ಬಿ ಅನ್ನೋ ಈ ಬೂದಿ ಬಣ್ಣದ ಹೆಣ್ಣು ಬೆಕ್ಕು ಒಂದೇ. ಮರಿಯಾಗಿದ್ದಾಗ ನಾಯಿಗಳ ಬಾಯಿಂದ ಬಿಡಿಸಿ ತಂದದ್ದು. ಅರ್ಧ ಕಿವಿ ಹೋಗಿತ್ತು, ಧೈರ್ಯ ಪೂರ್ತಿ ಹೋಗಿತ್ತು. ಚಮಚ ಬಿದ್ದರೆ ಹೆದರಿಕೆ, ಯಾರಾದರೂ ಕೆಮ್ಮಿದರೆ ಹೆದರಿಕೆ, ತನ್ನ ಬಾಲ ತಾನೇ ಅಲ್ಲಾಡಿಸಿದರೂ ಹಿಂದೆ ಯಾರೋ ಬಂದರು ಅಂತ ಹೆದರಿಕೆ!

"ನನ್ನ ಬಾಡಿಗೆ ಮನೆಯವರು ಬೆಕ್ಕು ತಂದ್ರೆ ನನ್ನನ್ನೇ ಹೊರಗೆ ಹಾಕ್ತಾರೆ," ಅಂತ ನಿರ್ಮಲಮ್ಮ ಕಣ್ಣು ಒರೆಸಿಕೊಂಡಳು. "ಸಂತೆ ಮಾಳದಲ್ಲಿ ಬಿಟ್ರೆ ಇದು ಒಂದು ರಾತ್ರಿ ಉಳಿಯಲ್ಲ ಅಕ್ಕಾ."

ಜಗದಾಂಬಕ್ಕ ತಾನೇ ಇಟ್ಟುಕೊಳ್ಳುತ್ತಿದ್ದಳು. ಆದರೆ ಯಜಮಾನರು ಪಂಚಾಕ್ಷರಪ್ಪನವರಿಗೆ ಉಬ್ಬಸ. ಬೆಕ್ಕಿನ ಒಂದು ಕೂದಲು ಹಾರಿದರೂ ಮೂರು ದಿನ ಹಾರ್ಮೋನಿಯಂ ಹಾಗೆ ಸೂಂ ಅನ್ನುತ್ತಾರೆ.

"ನೋಡು, ಮನುಷ್ಯರ ಸಂಬಂಧದಲ್ಲಿ ಸುಳ್ಳು ನಡೀತದೆ. ಬೆಕ್ಕಿನ ವಿಷಯದಲ್ಲಾದ್ರೂ ಇದ್ದದ್ದು ಇದ್ದಂಗೆ ಹೇಳು," ಅಂದರು ಅವರು, ಅವಳು ಮನೆಗೆ ಬಂದು ಸಂಗತಿ ಹೇಳಿದಾಗ.

"ನಾನ್ಯಾವಾಗ ಸುಳ್ಳು ಹೇಳಿದೀನ್ರೀ? ಸ್ವಲ್ಪ ಒಗ್ಗರಣೆ ಹಾಕ್ತೀನಿ ಅಷ್ಟೇ!"

ಅವತ್ತೇ ಉಳವಿಯ ಜ್ಯೋತಿಲಕ್ಷ್ಮಿಗೆ ಫೋನು ಹೋಯಿತು. ಅವಳ ಮದುವೆಯೂ ಜಗದಾಂಬಕ್ಕನದೇ ಕೈಚಳಕ. ಭತ್ತದ ಕೋಣೆಯಲ್ಲಿ ಇಲಿ ಕಾಟ ಅಂತ ಆ ಹುಡುಗಿ ಗೋಳಾಡುತ್ತಿದ್ದಳು.

"ಬೆಕ್ಕಲ್ಲ ಕಣೇ, ಹುಲಿ! ಇದು ಬರ್ತದೆ ಅಂತ ಸುದ್ದಿ ಹಬ್ಬಿದ್ರೆ ಸಾಕು, ಇಲಿ ಗಂಟುಮೂಟೆ ಕಟ್ತವೆ. ಸ್ವಲ್ಪ ನಾಚಿಕೆ ಸ್ವಭಾವ. ಹೆಣ್ಣಲ್ವಾ!" ಅಂದಳು ಜಗದಾಂಬಕ್ಕ. ರೂಢಿಬಲ ನೋಡಿ, ಕೊನೆಗೆ ಇದನ್ನೂ ಸೇರಿಸಿದಳು: "ಒಂದು ಜೀವಾನ ಮನೆ ತುಂಬಿಸಿಕೊಳ್ಳೋ ಕೆಲಸ, ಹಿರಿಯರನ್ನ ನಾಲ್ಕು ಜನರನ್ನ ಕರೆದಿರು."

ಶನಿವಾರ ಬುಟ್ಟಿ ಹೊತ್ತು ಉಳವಿಗೆ ಹೋದರೆ, ಹಿರಿಯರಲ್ಲ, ಕೇರಿಗೆ ಕೇರಿಯೇ ಬಂದು ಕೂತಿತ್ತು! ಜಮಖಾನ ಹಾಸಿದೆ, ಅವಲಕ್ಕಿ ಕಲಸಿದೆ, ಚಹಾ ಕುದಿಯುತ್ತಿದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಇನ್ನೇನು ಬೇಕು? ಬುಟ್ಟಿಯ ಮುಚ್ಚಳ ತೆರೆದರು. ಎಲ್ಲ ತಲೆಗಳೂ ಒಟ್ಟಿಗೆ ಬಗ್ಗಿದವು. ಗುಬ್ಬಿ ತಳಕ್ಕೆ ಚಪಾತಿಯಂತೆ ಅಂಟಿಕೊಂಡಿತು.

"ಹುಲಿ ಎಲ್ಲಿ ಚಿಕ್ಕಮ್ಮಾ?" ಅಂದಳು ಜ್ಯೋತಿಲಕ್ಷ್ಮಿ.

"ಬಸ್ಸಿನ ಆಯಾಸ ಕಣೇ."

ಅವಳ ಅತ್ತೆ ಕನ್ನಡಕ ಏರಿಸಿಕೊಂಡು ಇಣುಕಿದರು. "ಉಸಿರಾಡ್ತಾ ಇದೆಯಾ ಇಲ್ವಾ ನೋಡಿ ಮಾರಾಯ್ರೇ!"

ಎಲ್ಲರೂ ಗೊಳ್ಳೆಂದರು. ಜಗದಾಂಬಕ್ಕನ ಮಾನ ತೂಗುಯ್ಯಾಲೆಯಲ್ಲಿತ್ತು. ಆದರೂ ಸೋಲುವ ಹೆಂಗಸೇ? "ಇಷ್ಟು ಜನ ಕಣ್ಣು ಹಾಕಿದ್ರೆ ಮೂಕ ಪ್ರಾಣಿ ಏನು ಮಾಡ್ತದೆ? ದೃಷ್ಟಿ ತಾಗಿದೆ. ತನ್ನಿ ಉಪ್ಪು, ಸಾಸಿವೆ, ಒಣಮೆಣಸು!"

ಮಾಮೂಲಿಯಾಗಿ ಎರಡೋ ಮೂರೋ ಮೆಣಸಿನಕಾಯಿ ಸಾಕು. ಹೆದರಿಕೆ ದೊಡ್ಡದು ಅಂತ ಜಗದಾಂಬಕ್ಕ ಮುಷ್ಟಿ ತುಂಬ ತಗೊಂಡಳು. ಬುಟ್ಟಿಗೆ ಮೂರು ಸುತ್ತು ನಿವಾಳಿಸಿ ಬಚ್ಚಲ ಒಲೆಯ ಕೆಂಡಕ್ಕೆ ಸುರಿದಳು. "ನೋಡ್ತಿರಿ, ದೃಷ್ಟಿ ಇದ್ರೆ ಮೆಣಸು ಸುಟ್ಟರೂ ಘಾಟು ಬರೋದೇ ಇಲ್ಲ!"

ಬಂತು. ಎಂಥಾ ಘಾಟು ಅಂತೀರಿ! ಮೊದಲು ಅತ್ತೆ ಸೀನಿದರು, ಆಮೇಲೆ ಹಿರಿಯರು, ಆಮೇಲೆ ಇಡೀ ಕೇರಿ ತಾಳ ಹಾಕಿ ಕೆಮ್ಮಿತು. ಗುಬ್ಬಿಯ ಮೇಲೆ ಯಾರ ದೃಷ್ಟಿಯೂ ಬಿದ್ದಿರಲಿಲ್ಲ ಅನ್ನೋದಕ್ಕೆ ಅಷ್ಟೂ ಜನ ಕಣ್ಣೀರು ಸುರಿಸಿ ಸಾಕ್ಷಿ ಹೇಳಿದರು! ಬೆಕ್ಕು ಬಾಣದಂತೆ ಚಿಮ್ಮಿ ಅವಲಕ್ಕಿ ತಟ್ಟೆಯ ಮೇಲೆ ಇಳಿದು, ಒಬ್ಬ ಹಿರಿಯರ ರುಮಾಲು ಹತ್ತಿ, ಅಲ್ಲಿಂದ ಅಟ್ಟಕ್ಕೆ ಹಾರಿ ಉಪ್ಪಿನಕಾಯಿ ಜಾಡಿ ಕೆಡವಿತು. ಕೊನೆಗೆ ದಿಕ್ಕು ಕಾಣದೆ ತಾನು ಬಂದ ಬುಟ್ಟಿಗೇ ಧುಮುಕಿ ಮುಖ ಮುಚ್ಚಿಕೊಂಡಿತು.

ಜ್ಯೋತಿಲಕ್ಷ್ಮಿ ಮೂಗು ಒರೆಸುತ್ತ ಕೈ ಮುಗಿದಳು. "ಚಿಕ್ಕಮ್ಮಾ, ನಮಗೆ ಇಲಿಗಳೇ ಇರಲಿ. ಈ ಹುಲೀನ ನೀವೇ ಕರ್ಕೊಂಡು ಹೋಗಿ."

ಸಂಬಂಧ ವಾಪಸ್! ಜಗದಾಂಬಕ್ಕನ ಚರಿತ್ರೆಯಲ್ಲೇ ಮೊದಲನೇದು!

ಸೊರಬದಲ್ಲಿ ಬಸ್ಸು ಬದಲಿಸಿ ಕೂತಾಗ ಅವಳಿಗೆ ಅವಮಾನಕ್ಕಿಂತ ಸೋಮವಾರದ ಚಿಂತೆ ಹೆಚ್ಚಾಗಿತ್ತು. ಬುಟ್ಟಿಯೊಳಗೆ ಆ ಜೀವ ಗಡಗಡ ನಡುಗುವುದು ತೊಡೆಗೆ ತಾಗುತ್ತಿತ್ತು. ನಿನ್ನನ್ನ ಕುಣಿಸಿದೆನಲ್ಲೇ ತಾಯಿ, ಅಂದುಕೊಂಡಳು. ಡ್ರೈವರ್ ಹಾರನ್ ಒತ್ತಿದ್ದೇ ಒತ್ತಿದ್ದು, ಬುಟ್ಟಿಯ ಮುಚ್ಚಳ ಎದ್ದಿತು. ಬೂದಿ ಬಣ್ಣದ್ದೇನೋ ಮಿಂಚಿತು. ನೋಡಿದರೆ ಬುಟ್ಟಿ ಖಾಲಿ!

"ಅಯ್ಯಯ್ಯೋ! ಗುಬ್ಬೀ! ನನ್ನ ಗುಬ್ಬಿ ಹೋಯ್ತು!"

"ಅಮ್ಮಾ, ಗುಬ್ಬಿ ಆದ್ರೆ ಹಾರ್ಕೊಂಡು ಬರ್ತದೆ ಬಿಡಿ," ಅಂದ ಕಂಡಕ್ಟರ್.

ಜಗದಾಂಬಕ್ಕ ಸೀಟಿನ ಕೆಳಗೆಲ್ಲ ಬಗ್ಗಿ ಜನರ ಕಾಲು ಎತ್ತಿಸುತ್ತಿರುವಾಗ ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಮೊಣಕೈ ತಟ್ಟಿದಳು. ಕುರಿ ಉಣ್ಣೆ ತುಂಬಿದ ದೊಡ್ಡ ಚೀಲ ಕಾಲ ನಡುವೆ ಇಟ್ಟುಕೊಂಡಿದ್ದಳು.

"ಕೂಗಬ್ಯಾಡ್ರಿ ಯವ್ವಾ. ನನ್ನ ಚೀಲದಾಗ ಐತಿ."

"ಕೈ ಹಾಕಿ ತೆಗೀರಿ ಹಂಗಾದ್ರೆ!"

"ಯಾಕ್ರೀ ತೆಗೀಬೇಕು? ಬೆಚ್ಚಗೈತಿ. ನಡುಕ ನಿಂತೈತಿ."

ಆಕೆ ಅಂಜನಾಪುರದ ದುರುಗಮ್ಮ. ಗಂಡ ಉಜ್ಜಪ್ಪ ಕುರಿ ಕಾಯುತ್ತಾನೆ, ಈಕೆ ಮನೆಯಲ್ಲಿ ಕೂತು ಉಣ್ಣೆ ನೂಲುತ್ತಾಳೆ. ಶಿಕಾರಿಪುರ ಬಂದರೂ ಬೆಕ್ಕು ಹೊರಗೆ ಬರಲಿಲ್ಲ. ದುರುಗಮ್ಮ ಚೀಲ ಅಲುಗದಂತೆ ಇಳಿಸಿಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಳು. ಅಂಜನಾಪುರದ ಬಸ್ಸು ಬಂತು, ಹೋಯಿತು. ಆಕೆ ಏಳಲಿಲ್ಲ. ಬೆಕ್ಕನ್ನು ಕರೆಯಲೂ ಇಲ್ಲ, ನೋಡಲೂ ಇಲ್ಲ. ಸುಮ್ಮನೆ ಕೂತಳು.

"ನಿಮ್ಮದೇ ಬೆಕ್ಕೇನ್ರೀ?"

ಜಗದಾಂಬಕ್ಕನ ನಾಲಿಗೆ ತಾನಾಗಿ ಹೊರಟಿತು. "ಬಂಗಾರದಂಥ ಬೆಕ್ಕು! ಇಲಿ ಕಂಡ್ರೆ..." ಅಷ್ಟರಲ್ಲಿ ಚೀಲದ ಬಾಯಲ್ಲಿ ಅರ್ಧ ಕಿವಿ ಕಂಡಿತು. ಒಗ್ಗರಣೆ ಗಂಟಲಲ್ಲೇ ನಿಂತಿತು. "ಇಲ್ಲ ತಾಯಿ. ಇಲಿ ಕಂಡ್ರೆ ಇದೇ ಓಡ್ತದೆ. ಪರಚ್ತದೆ. ಜನ ಬಂದ್ರೆ ಅಡಗ್ತದೆ. ಇದಕ್ಕೆ ಮನೆ ಇಲ್ಲ. ಸೋಮವಾರದ ಮೇಲೆ ಇದು ಬದುಕ್ತದೋ ಇಲ್ವೋ ಅನ್ನೋದೂ ಗೊತ್ತಿಲ್ಲ."

ದುರುಗಮ್ಮ ಚೀಲದ ಬಾಯಿಗೆ ಸೆರಗು ಮರೆಮಾಡಿದಳು. ಆಮೇಲೆ ಅಂದಳು, "ಜನ ಬಂದ್ರೆ ನಾನೂ ಒಳಗೆ ಹೋಗಾಕಿ. ಇರ್ಲಿ ಬಿಡ್ರಿ, ಇಬ್ರೂ ಕೂಡಿ ಹೋಗ್ತೀವಿ."

ಜಗದಾಂಬಕ್ಕನ ಕಣ್ಣಲ್ಲಿ ನೀರು ಬಂತು. ಈ ಸಲ ಮೆಣಸಿನಕಾಯಿಯದಲ್ಲ. "ಹಾಲು ಅನ್ನ ಹಾಕಿದ್ರೆ ಸಾಕು ತಾಯಿ."

"ನಮ್ಮಲ್ಲಿ ಡ್ಯಾಮಿನ ಮೀನೂ ಸಿಗ್ತಾವ್ರಿ."

"ಶಿವಶಿವಾ!" ಅಂತ ಜಗದಾಂಬಕ್ಕ ಕಿವಿ ಮುಚ್ಚಿಕೊಂಡಳು. ಚೀಲದೊಳಗಿಂದ ಮೊಟ್ಟಮೊದಲ ಸಲ "ಮಿಯಾಂವ್" ಅಂತ ಕೇಳಿಸಿತು.

ಸುದ್ದಿ ಕೇಳಿ ನಿರ್ಮಲಮ್ಮ ಫೋನಿನಲ್ಲೇ ಅತ್ತಳು. ಸೋಮವಾರ ಜೆಸಿಬಿ ಬಂತು, ಶೆಡ್ಡು ಹೋಯಿತು. ಜಗದಾಂಬಕ್ಕ ಮಾತ್ರ ಹೆಣ್ಣು ಕೊಟ್ಟ ತಾಯಿಯ ಹಾಗೆ ದಿನಾ ಅಂಜನಾಪುರಕ್ಕೆ ಫೋನು ಹಚ್ಚಿದಳು. "ಹೊರಗೆ ಬಂತಾ? ಉಂಡಿತಾ? ನಕ್ಕಿತಾ?" "ಇನ್ನೂ ಚೀಲದಾಗೇ ಐತ್ರಿ," ಅನ್ನುತ್ತಿದ್ದಳು ದುರುಗಮ್ಮ, ಒಂದು ದಿನವೂ ಬೇಸರ ಮಾಡದೆ.

ಒಂದು ಸಂಜೆ ಬೇರೆ ಉತ್ತರ ಬಂತು. "ಬಂದೈತ್ರಿ ಯವ್ವಾ! ನಮ್ಮ ಮನೆಯವರ ತೊಡಿ ಮ್ಯಾಲ ಮಕ್ಕೊಂಡೈತಿ. ಗುರ್ ಗುರ್ ಅಂತೈತಿ. ತಡೀರಿ, ನೀವೂ ಕೇಳ್ರಿ, ಸ್ಪೀಕರ್ ಹಾಕ್ತೀನಿ."

ಜಗದಾಂಬಕ್ಕ ಸಂತೋಷ ತಡೆಯಲಾರದೆ ಕೂಗಿದಳು. "ಗುಬ್ಬೀ! ನನ್ನ ಬಂಗಾರೀ! ಹೆಂಗಿದೀಯವ್ವಾ?"

ಆ ಕಡೆ ಏನೋ ಧಡಾರನೆ ಉರುಳಿತು. ಉಜ್ಜಪ್ಪ ಅಯ್ಯಪ್ಪಾ ಅಂದ. ದುರುಗಮ್ಮನ ದನಿ ಸಂಕೋಚದಿಂದ ಬಂತು. "ಬ್ಯಾಸರ ಮಾಡ್ಕೋಬ್ಯಾಡ್ರಿ ಯವ್ವಾ... ದಿನಾ ಹಿಂಗೇ ಆಗ್ತಿತ್ತು. ಫೋನಿನಾಗ ನಿಮ್ಮ ದನಿ ಕೇಳಿದ ಕೂಡ್ಲೇ ಅದು ಚೀಲ ಸೇರ್ತಿತ್ತು. ಮಿಕ್ಕ ಹೊತ್ತು ಹೊರಗೇ ಇರ್ತದ್ರಿ."

ಜಗದಾಂಬಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಇಷ್ಟೇ ಇಷ್ಟು ದನಿಯಲ್ಲಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ," ಅಂದಳು.

ಪಕ್ಕದಲ್ಲಿ ಪೇಪರ್ ಹಿಡಿದು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಪಂಚಾಕ್ಷರಪ್ಪನವರು ತಲೆ ಎತ್ತಿದರು. "ಹಂಗೇ ಆಯಮ್ಮನ್ನ ಕೇಳು. ನನ್ನ ಅಳತೆದು ಇನ್ನೊಂದು ಚೀಲ ಐತೇನು ಅಂತ!"

ಜಗದಾಂಬಕ್ಕನ ನಾಲಿಗೆಯ ತುದಿಗೆ ಒಳ್ಳೇ ಖಾರದ ಉತ್ತರ ಬಂದು ನಿಂತಿತ್ತು. ನುಂಗಿಕೊಂಡಳು. ಫೋನು ಇನ್ನೂ ಇಟ್ಟಿರಲಿಲ್ಲ, ಬೆಕ್ಕು ಕೇಳಿಸಿಕೊಂಡರೆ!