ಕೆಂಪರಾಜುವಿನ ಕಡ್ಡಿ ಚಕ್ರ

ಪಕ್ಕದ ಮನೆಯ ನಾಗಲಕ್ಷ್ಮಮ್ಮ ಬೆಳಗಾಗೆದ್ದು ಬಂದು, ತಟ್ಟೆಯಿಂದ ಒಂದು ರೇಷ್ಮೆ ಹುಳ ಎತ್ತಿ, ಬೆಳಕಿಗೆ ಹಿಡಿದು ನೋಡಿ, "ನಾಳೆ ಹೊತ್ತಾರೆಗೆ ಹಣ್ಣಾಯ್ತವೆ ಕಣವ್ವ" ಎಂದು ಕೆಂಪರಾಜುವಿನ ಹೆಂಡತಿ ಲತಾಮಣಿಗೆ ಹೇಳಿದ್ದೇ ಅವನಿಗೆ ಮುಳುವಾಯಿತು.

ಹಣ್ಣಾದ ಹುಳ ಸೊಪ್ಪು ಮೇಯುವುದನ್ನು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನು ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಲು ಗಾಳಿಯಾಡುವ ಶೆಡ್ಡು ಬೇಕು. ಹೋದ ಬೆಳೆಗೆ ಅಂಗಳದಲ್ಲಿ ನಿಲ್ಲಿಸಿ, ಮಳೆಗೆ ಅರ್ಧ ಗೂಡು ಕೆಟ್ಟಿದ್ದವು. ಕೆಂಪರಾಜುವಿನ ಮನೆಯಲ್ಲಿ ಅಂಥ ಶೆಡ್ಡು ಇತ್ತು. ಶೆಡ್ಡಿನೊಳಗೆ ಕಾರು ಇತ್ತು.

ಅದು ಎರಡೇ ಸೀಟಿನ, ಚಾವಣಿಯಿಲ್ಲದ, ಕೆಂಪು ಬಣ್ಣದ ವಿಲಾಯಿತಿ ಕಾರು. ಬೈರಮಂಗಲದ ಹತ್ತಿರ ಕಾರ್ಖಾನೆ ಕಟ್ಟಲೆಂದು ಯಾರೋ ಸಾಹುಕಾರರ ಹಳೆ ಬಂಗಲೆ ಕೆಡವಿದಾಗ ಹಿಂದಿನ ಕೊಟ್ಟಿಗೆಯಲ್ಲಿ ಸಿಕ್ಕಿದ್ದು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಾಗಿದ್ದ ಕೆಂಪರಾಜು ಅದನ್ನು ನೋಡಿದವನೇ ಮರುಳಾಗಿ ಲಾರಿಗೆ ಹಾಕಿಸಿಕೊಂಡು ಬಂದಿದ್ದ. ಇಂಜಿನ್ ಬಿಚ್ಚಿಸಿ ಸರಿಮಾಡಿಸಿದ್ದ, ಬಣ್ಣ ಹೊಡೆಸಿದ್ದ, ಸೀಟಿಗೆ ರೆಕ್ಸಿನ್ ಹಾಕಿಸಿದ್ದ. ಚಕ್ರ ಮಾತ್ರ ಇರಲಿಲ್ಲ. ಸೈಜುಗಲ್ಲಿನ ಮೇಲೆ ನಿಂತ ಆ ಕಾರಿನಲ್ಲಿ ಭಾನುವಾರ ಬಂತೆಂದರೆ ಕೂತು ಸ್ಟೇರಿಂಗ್ ತಿರುಗಿಸುತ್ತಿದ್ದ. ಹಾರ್ನು ಚೆನ್ನಾಗಿ ಕೇಳಿಸುತ್ತಿತ್ತು.

"ನೋಡಿ," ಎಂದಳು ಲತಾಮಣಿ, ಸೊಪ್ಪು ಹೆಚ್ಚುತ್ತಿದ್ದ ಕೈ ನಿಲ್ಲಿಸದೆ. "ಸಂಜೆ ದೀಪ ಹಚ್ಚೋ ಹೊತ್ಗೆ ಅದು ತನ್ನ ಚಕ್ರದ ಮ್ಯಾಲೆ ಶೆಡ್ಡಿಂದ ಆಚೆ ಹೋಗಿರ್ಬೇಕು. ಇಲ್ದಿದ್ರೆ ಗುಜರಿ ಹುಸೇನಣ್ಣ ಲಾರಿ ತತ್ತಾನೆ. ಹೇಳಿ ಕಳ್ಸಿದೀನಿ."

"ಒಂದ್ ವಾರ ಟೈಮ್ ಕೊಡು ಲತಾ."

"ಹುಳಗಳ್ನ ಕೇಳಿ. ಅವು ಕೊಟ್ರೆ ನಾನೂ ಕೊಡ್ತೀನಿ."

ಆ ಕಾರಿನಲ್ಲಿ ಒಂದೇ ಒಂದು ಸಲ ಮೈಸೂರು ರೋಡಿನ ಮೇಲೆ ತಲೆಗೂದಲು ಹಾರಿಸಿಕೊಂಡು ಹೋಗಬೇಕೆಂಬುದು ಕೆಂಪರಾಜುವಿನ ಆಸೆ. ಕೂದಲು ಆಗಲೇ ನೆತ್ತಿಯ ತನಕ ಹಿಂದೆ ಸರಿದಿದ್ದರಿಂದ ತಡಮಾಡುವಂತೆಯೂ ಇರಲಿಲ್ಲ. ಫ್ಯಾಕ್ಟರಿಗೆ ಫೋನು ಮಾಡಿ ಹೊಟ್ಟೆನೋವೆಂದು ಹೇಳಿದ. ಹೇಳುವಾಗ ಅದು ಸುಳ್ಳೆನ್ನಿಸಲಿಲ್ಲ.

ಗೂಡ್ಸ್ ಆಟೋ ಇಟ್ಟುಕೊಂಡಿದ್ದ ಗೆಳೆಯ ಸ್ವಾಮಿಯನ್ನು ಕರೆಸಿದ. ಸ್ವಾಮಿ ಯಾವ ವಿಷಯದಲ್ಲೂ ಗೊತ್ತಿಲ್ಲ ಎಂದವನಲ್ಲ. ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಚಕ್ರ ಇರಬೇಕಾದ ಜಾಗವನ್ನು ಬಹಳ ಹೊತ್ತು ನೋಡಿದ.

"ಅಂಬಾಸಿಡರ್ದು ಹಾಕ್ಬುಡು."

"ಕೂರಲ್ಲ ಕಣ್ಲಾ. ಬ್ಯಾರೆ ಕಾರಿಗೆ ಸುತ್ತ ನಾಕೈದು ನಟ್ಟು ಇರ್ತವೆ. ಇದಕ್ಕೆ ಮಧ್ಯದಲ್ಲಿ ಒಂದೇ ನಟ್ಟು, ಒಳಗೆ ಹಲ್ಲು. ಸೈಕಲ್ ಥರ ಕಡ್ಡಿ ಇರೋ ಚಕ್ರಾನೇ ಆಗ್ಬೇಕು."

"ಟ್ರ್ಯಾಕ್ಟರ್ದು ಮುಂದಿನ ಚಕ್ರ?"

"ಕೂರಲ್ಲ."

"ಎತ್ತಿನ ಗಾಡೀದು? ಈಗ ಅದಕ್ಕೂ ಟೈರ್ ಬಂದೈತೆ."

ಕೆಂಪರಾಜು ಗಡಿಯಾರ ನೋಡಿಕೊಂಡ.

"ಹಂಗಾದ್ರೆ ಮಾಡಿಸ್ಬುಡಾನ," ಎಂದ ಸ್ವಾಮಿ. "ನಮ್ ದೊಡ್ಡಪ್ಪ ಲಿಂಗಯ್ಯ ಚನ್ನಪಟ್ಟಣದಲ್ಲಿ ಚಕ್ರ ಮಾಡ್ತಾನೆ. ರಾಶಿ ರಾಶಿ ಮಾಡವ್ನೆ. ಫಾರಿನ್ನಿಗೆಲ್ಲಾ ಹೋಯ್ತವೆ."

ಫಾರಿನ್ ಎಂದ ಮೇಲೆ ಕೆಂಪರಾಜು ಹೆಚ್ಚಿಗೆ ವಿಚಾರಿಸಲಿಲ್ಲ. ಅದು ಅವನ ತಪ್ಪು.

ಚನ್ನಪಟ್ಟಣದಲ್ಲಿ ಲಿಂಗಯ್ಯ ಕೂತಿದ್ದುದು ಬೊಂಬೆ ಕಡೆಯುವ ಮಿಷನ್ನಿನ ಮುಂದೆ. ಅವನ ಸುತ್ತ ಹಳದಿ, ಕೆಂಪು, ಹಸಿರು ಚಕ್ರಗಳು ರಾಶಿ ಬಿದ್ದಿದ್ದವು. ಎಲ್ಲವೂ ಕಡಲೆಪುರಿ ಉಂಡೆಯಷ್ಟು ಗಾತ್ರದವು. ಕೆಂಪರಾಜು ಸ್ವಾಮಿಯ ಮುಖ ನೋಡಿದ. ಸ್ವಾಮಿ ಗೋಡೆ ನೋಡಿದ.

ಲಿಂಗಯ್ಯ ಮಾತ್ರ ಎದೆಗುಂದಲಿಲ್ಲ. ಬೇಕಾದ ಅಳತೆಯನ್ನು ಕೈಯಲ್ಲಿ ತೋರಿಸಲು ಹೇಳಿ, ಕೆಂಪರಾಜು ಎರಡೂ ತೋಳು ಅಗಲಿಸಿದ್ದನ್ನು ಕಂಡು ತಲೆದೂಗಿದ.

"ದೊಡ್ಡ ಬೊಂಬೇನೇ. ಆಗ್ಲಿ. ಒಳ್ಳೇ ಹಾಲೆ ಮರ ಐತೆ, ಅರಗಿನ ಬಣ್ಣ ಹಾಕಿಕೊಡ್ತೀನಿ. ನೀರು ಬಿದ್ರೂ ಹೋಗಾಕಿಲ್ಲ. ಮಗ ಬಾಯ್ಗೆ ಇಟ್ಕಂಡ್ರೂ ಏನೂ ಆಗಾಕಿಲ್ಲ."

"ಯಾರೂ ಬಾಯ್ಗೆ ಇಟ್ಕಳಲ್ಲ ದೊಡ್ಡಪ್ಪ. ಇದು ನಿಜವಾದ ಕಾರು. ಇದಕ್ಕೆ ಟೈರ್ ಹೆಂಗೆ ಹಾಕೋದು?"

"ಟೈರ್ ಯಾಕಪ್ಪ? ನಮ್ ಚಕ್ರಕ್ಕೆ ಇದುವರ್ಗೂ ಒಬ್ರೂ ಟೈರ್ ಕೇಳಿಲ್ಲ."

ಕೆಂಪರಾಜು ಕೈಮುಗಿದು ಎದ್ದ. ಹೊರಡುವ ಮುಂಚೆ ಸಂಕಟ ತಡೆಯಲಾರದೆ, ಇದು ಬೈರಮಂಗಲದ ಬಂಗಲೆ ಕಾರು, ಹೊತ್ತು ಮುಳುಗಿದರೆ ಗುಜರಿಗೆ ಹೋಗುತ್ತದೆ ಎಂದು ಹೇಳಿಕೊಂಡ.

"ಆ ಬಂಗ್ಲೆ ಕಾರಾ?" ಎಂದ ಲಿಂಗಯ್ಯ. "ಅದರ ಚಕ್ರ ಅಲ್ಲಿ ಕಾವಲಿದ್ದ ಅಂಕಯ್ಯನ ಮನೇಲಿ ಐತಲ್ಲ. ಮರ ನೋಡಕ್ಕೆ ಹೋದಾಗ ಕಂಡಿದ್ದೆ."

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳುವಷ್ಟು ಹೊತ್ತಿರಲಿಲ್ಲ. ಬಂದ ದಾರಿಯಲ್ಲೇ ವಾಪಸು ತಿರುಗಿ, ರಾಮನಗರ ದಾಟಿ, ಬಿಡದಿ ದಾಟಿ, ಬೈರಮಂಗಲ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಅಂಕಯ್ಯನ ಅಂಗಳದಲ್ಲಿ ಕೆಂಪರಾಜು ಬೆರಳು ಮಡಿಚಿ ಎಣಿಸತೊಡಗಿದ. ಕೋಳಿ ಮಂಕರಿಗಳ ಮೇಲೆ ಮುಚ್ಚಿದ್ದ ಎರಡು ಚಕ್ರ. ಹೀರೇಕಾಯಿ ಬಳ್ಳಿ ಹಬ್ಬಿಸಿದ್ದ ಒಂದು ಚಕ್ರ. ಇನ್ನೊಂದನ್ನು ಅಂಕಯ್ಯ ಅಡುಗೆಮನೆಯ ಗೋಡೆಯೊಳಗೆ ಕೂರಿಸಿ ಕಿಟಕಿ ಮಾಡಿಕೊಂಡಿದ್ದ. ಹೊಗೆ ಆಡಲು ಚೆನ್ನಾಗಿತ್ತು. ಕಡ್ಡಿ ಒಂದೂ ಮುರಿದಿರಲಿಲ್ಲ. ಕೆಂಪರಾಜುವಿನ ಕಣ್ಣು ಒದ್ದೆಯಾಯಿತು. ಮದುವೆಯ ದಿನವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಇದನ್ನು ಅವನು ಸ್ವಾಮಿಗೆ ಹೇಳಿದ, ಮನೆಯಲ್ಲಿ ಹೇಳಬೇಡ ಎಂದೂ ಹೇಳಿದ.

"ಕಾರು ಯಾರೂ ಕದ್ಕಂಡು ಹೋಗ್ದೇ ಇರ್ಲಿ ಅಂತ ನಾನೇ ಬಿಚ್ಚಿ ಇಟ್ಟಿದ್ದೆ," ಎಂದ ಅಂಕಯ್ಯ.

"ನಾನು ಕಾರು ತಗೊಂಡ್ ಹೋಗುವಾಗ ನೀನು ಅಲ್ಲೇ ನಿಂತಿದ್ಯಲ್ಲಪ್ಪ. ಯಾಕೆ ಹೇಳ್ಲಿಲ್ಲ?"

"ನೀವು ಕಾರು ಕೇಳುದ್ರಿ. ಚಕ್ರ ಕೇಳ್ಲಿಲ್ಲ."

ಕೋಳಿಗಳನ್ನೂ ಬಳ್ಳಿಯನ್ನೂ ಅಂಕಯ್ಯ ಸುಲಭವಾಗಿ ಬಿಟ್ಟುಕೊಟ್ಟ. ಕಿಟಕಿಯ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಚಕ್ರ ಕಿತ್ತರೆ ಆ ತೂತಿನಿಂದ ನಾಯಿ ಬಂದು ಮುದ್ದೆ ತಿನ್ನುತ್ತದೆ, ಅಲ್ಲಿಗೆ ಏನಾದರೂ ಮುಚ್ಚಿಯೇ ಹೋಗಬೇಕು ಎಂದ. ಕೆಂಪರಾಜು ಅತ್ತಿತ್ತ ನೋಡಿದ. ಸ್ವಾಮಿಯ ಆಟೋದ ಹಿಂಬಾಗಿಲು ತಗಡಿನದು, ಅಳತೆಗೆ ಹೇಳಿ ಮಾಡಿಸಿದಂತಿತ್ತು.

"ಲೇ, ಬ್ಯಾಡ ಕಣ್ಲಾ," ಎಂದ ಸ್ವಾಮಿ. ಅಷ್ಟರಲ್ಲಿ ಕೆಂಪರಾಜು ಸ್ಪ್ಯಾನರ್ ಹಾಕಿಯಾಗಿತ್ತು.

ಚಕ್ರಗಳಿಗೆ ಮೆತ್ತಿದ್ದ ಕೋಳಿ ಹಿಕ್ಕೆಯನ್ನು ಕೆರೆಯಲ್ಲಿ ತೊಳೆದುಕೊಳ್ಳೋಣವೆಂದು ಇಬ್ಬರೂ ಏರಿಯ ತನಕ ಹೋದರು. ಬೆಂಗಳೂರಿನ ಕೊಳಚೆಯೆಲ್ಲ ಬಂದು ಸೇರಿದ ನೀರು ಕಪ್ಪಗೆ ಬಿಳಿ ನೊರೆ ಹೊತ್ತುಕೊಂಡು ನಿಂತಿತ್ತು. ಸ್ವಲ್ಪ ಹೊತ್ತು ನೋಡಿ, ಇದಕ್ಕಿಂತ ಹಿಕ್ಕೆಯೇ ವಾಸಿ ಎಂದು ವಾಪಸು ಬಂದರು. ಹಿಂಬಾಗಿಲಿಲ್ಲದ ಆಟೋದಲ್ಲಿ ಚಕ್ರಗಳು ಉರುಳಿ ಬೀಳದಂತೆ ಕೆಂಪರಾಜು ಅವನ್ನು ತಬ್ಬಿಕೊಂಡು ಮನೆಯ ತನಕ ಕೂತ. ಬಿಡದಿಯಲ್ಲಿ ಅವನ ಫ್ಯಾಕ್ಟರಿಯ ಮ್ಯಾನೇಜರು ಕಾರಿನಲ್ಲಿ ಎದುರಾದರು. ಹೊಟ್ಟೆನೋವಿನ ಮನುಷ್ಯ ಎರಡೂ ಕೈಯಲ್ಲಿ ಚಕ್ರ ಹಿಡಿದಿದ್ದರಿಂದ ನಮಸ್ಕಾರ ಮಾಡಲು ಆಗಲಿಲ್ಲ.

ಮನೆಗೆ ಬಂದವನೇ ಹುಳುಮನೆ ತೊಳೆಯಲೆಂದು ಇಟ್ಟಿದ್ದ ಬ್ಲೀಚಿಂಗ್ ಪುಡಿಯನ್ನು ಬಕೀಟಿಗೆ ಸುರಿದುಕೊಂಡು ಚಕ್ರಗಳನ್ನು ತಿಕ್ಕಿ ತಿಕ್ಕಿ ತೊಳೆದ. ಒಂದೊಂದು ಕಡ್ಡಿಯನ್ನೂ ಬಟ್ಟೆಯಲ್ಲಿ ಒರೆಸಿ, ನಾಲ್ಕನ್ನೂ ಶೆಡ್ಡಿನ ಗೋಡೆಗೆ ಒರಗಿಸಿ ಬಿಸಿಲಿಗೆ ಇಟ್ಟ. ಲತಾಮಣಿ ಸೊಪ್ಪಿಗೆಂದು ತೋಟಕ್ಕೆ ಹೋಗಿದ್ದಳು. ಇನ್ನು ಟೈರು ಬಂದರಾಯಿತು, ಸಂಜೆಗೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡು ರಾಮನಗರಕ್ಕೆ ಹೊರಟ.

ಇದ್ರೀಸನ ಟೈರ್ ಅಂಗಡಿಯಲ್ಲಿ ಲಾರಿಯವರು ನಾಲ್ಕಾರು ಜನ ಟೀ ಕುಡಿಯುತ್ತ ಕೂತಿದ್ದರು. ಕೆಂಪರಾಜು ಚಕ್ರದ ಅಳತೆ ಹೇಳಿದ. ಇದ್ರೀಸ್ ವೃತ್ತಿಧರ್ಮದಂತೆ ಮೊದಲ ಪ್ರಶ್ನೆ ಕೇಳಿದ.

"ಲೋಡ್ ಏನ್ ಹಾಕ್ತೀರಣ್ಣ?"

"ಲೋಡ್ ಇಲ್ಲ. ನಾನು, ನಮ್ಮನೆಯವ್ಳು. ಇಬ್ರು ಕೂರ್ತೀವಿ."

"ಇಬ್ರಿಗೆ ನಾಕು ಟೈರಾ?"

ಲಾರಿಯವರು ಟೀ ಲೋಟ ಕೆಳಗಿಟ್ಟು ಹತ್ತಿರ ಬಂದರು. ಒಬ್ಬ, ಮಣ್ಣಿನ ರೋಡಿಗೆ ಹಲ್ಲು ದಪ್ಪ ಇರುವ ಟೈರೇ ಸರಿ ಎಂದ. ಇನ್ನೊಬ್ಬ, ರೇಡಿಯಲ್ ಹಾಕಿಸಿ ಸಾಯುವ ತನಕ ಓಡಿಸಿ ಎಂದ. ಕೊನೆಗೆ ಇದ್ರೀಸ್ ಈಗ ಎಲ್ಲರೂ ಟ್ಯೂಬ್‌ಲೆಸ್ ಕೇಳುತ್ತಾರೆಂದು ಒಂದನ್ನು ಉರುಳಿಸಿಕೊಂಡು ಬಂದ.

"ಕಡ್ಡಿ ಚಕ್ರಕ್ಕೆ ಅದು ಆಗಲ್ಲ ಇದ್ರೀಸಣ್ಣ. ಕಡ್ಡಿ ಕೂರೋ ತೂತಲ್ಲೇ ಗಾಳಿ ಹೊಂಟೋಯ್ತದೆ. ಟ್ಯೂಬ್ ಬೇಕು. ಒಳಗೆ ರಬ್ಬರ್ ಪಟ್ಟಿ ಬೇಕು. ಟೈರ್ ಸಣ್ಣಕ್ಕಿರ್ಬೇಕು. ಪಕ್ಕದಲ್ಲಿ ಬಿಳೀ ಪಟ್ಟಿ ಇದ್ರೆ ಇನ್ನೂ ಚೆಂದ."

"ಬಿಳೀದು ಬರಲ್ಲ. ಬೇಕಂದ್ರೆ ಸುಣ್ಣ ಬಳೀತೀನಿ."

ವಾದ ಬಹಳ ಹೊತ್ತು ನಡೆಯಿತು. ಎಲ್ಲರ ಅಭಿಪ್ರಾಯ ಕೇಳಿ ಮುಗಿದ ಮೇಲೆ ಕೆಂಪರಾಜು ಅಂಬಾಸಿಡರಿಗೆ ಹಾಕುವ ಸಣ್ಣ ಟೈರನ್ನೇ ಆರಿಸಿದ. ಅಂಬಾಸಿಡರು ಎಂಬ ಮಾತು ಮೊಟ್ಟಮೊದಲು ಹೇಳಿದ್ದು ತಾನೇ ಎಂದು ಸ್ವಾಮಿ ದಾರಿಯುದ್ದಕ್ಕೂ ನೆನಪಿಸಿದ. ಟೈರು ಕೂರಿಸಲು ಇದ್ರೀಸನೂ ಕಬ್ಬಿಣದ ಪಟ್ಟಿ, ಗಾಳಿ ಪಂಪು ಹಿಡಿದುಕೊಂಡು ಆಟೋ ಹತ್ತಿದ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಕೆಂಪರಾಜು ಮನಸ್ಸಿನಲ್ಲೇ ಮೈಸೂರು ರೋಡಿನ ಮೇಲೆ ಮದ್ದೂರಿನ ತನಕ ಹೋಗಿ ವಡೆ ತಿಂದು ಬಂದ.

ಮನೆಯ ಮುಂದೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಕೆಂಪು ಕಾರು ತಿಪ್ಪೆಯ ಪಕ್ಕದಲ್ಲಿ ಕಲ್ಲಿನ ಮೇಲೆ ನಿಂತಿತ್ತು.

"ಯಾರು ಆಚೆ ತಂದಿದ್ದು?" ಎಂದ ಕೆಂಪರಾಜು.

"ನಾವೇಯ," ಎಂದಳು ಲತಾಮಣಿ. ಅವಳ ತಲೆಗೂದಲ ಮೇಲೂ ಒಂದು ಹುಳ ಹರಿದಾಡುತ್ತಿತ್ತು. "ಸೆಕೆಗೆ ಹುಳ ಮಧ್ಯಾಹ್ನವೇ ಹಣ್ಣಾಗ್ಬುಟ್ವು. ನಿಮ್ಮನ್ನ ಎಲ್ಲಿ ಹುಡುಕ್ಲಿ? ನೀಲಗಿರಿ ದಿಮ್ಮಿ ಕೆಳಗೆ ಕೊಟ್ಟು ತಳ್ಳುದ್ವಿ. ಸಲೀಸಾಗಿ ಬಂತು."

ಚಕ್ರವಿಲ್ಲದೆ ಒಂದು ಹೆಜ್ಜೆ ಕದಲುವುದಿಲ್ಲವೆಂದು ತಾನು ನಂಬಿದ್ದ ಕಾರನ್ನು ಹೆಂಗಸರು ಸೌದೆಯ ಮೇಲೆ ಉರುಳಿಸಿಕೊಂಡು ಬಂದಿದ್ದರು. ಕೆಂಪರಾಜುವಿಗೆ ಸ್ವಲ್ಪ ಅವಮಾನವಾಯಿತು. ಆದರೂ ಕಾರು ಆಚೆ ಬಂದಿತ್ತು, ಟೈರು ಬಂದಿತ್ತು, ಚಕ್ರ ತೊಳೆದಾಗಿತ್ತು. ಇನ್ನೇನು ಕೂರಿಸುವುದೊಂದೇ ಬಾಕಿ. ಅವನು ಶೆಡ್ಡಿನ ಗೋಡೆಯತ್ತ ತಿರುಗಿದ. ಗೋಡೆಗೆ ಒರಗಿಸಿದ್ದ ಚಕ್ರಗಳಿರಲಿಲ್ಲ.

"ಚಪ್ಲಿ ಬುಟ್ಟು ಒಳಕ್ಕೆ ಬಾರಪ್ಪ," ಎಂದು ನಾಗಲಕ್ಷ್ಮಮ್ಮ ಶೆಡ್ಡಿನೊಳಗಿಂದ ಕರೆದಳು. ಅವಳ ದನಿಯಲ್ಲಿ ಮೆಚ್ಚುಗೆಯಿತ್ತು.

ಶೆಡ್ಡಿನ ತುಂಬ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಕೊನೆಯ ಸಾಲಿನಲ್ಲಿ ನಾಲ್ಕು ಚಕ್ರಗಳು ನಿಂತಿದ್ದವು. ಕಡ್ಡಿ ಕಡ್ಡಿಯ ನಡುವೆ ಹಣ್ಣು ಹುಳಗಳು ತಲೆ ಆಡಿಸುತ್ತ ನೂಲು ಎಳೆಯುತ್ತಿದ್ದವು. ಆಗಲೇ ಒಂದಷ್ಟು ಕಡೆ ಬಿಳಿಯ ಬಲೆ ಕಟ್ಟಿತ್ತು.

"ಬಾಡಿಗೆ ಚಂದ್ರಿಕೆ ಎಲ್ಲೂ ಸಿಗ್ಲಿಲ್ಲ, ಊರ್ಗೆ ಊರೇ ಹುಳ ಹಣ್ಣಾಗೈತೆ," ಎಂದಳು ನಾಗಲಕ್ಷ್ಮಮ್ಮ. "ಏನ್ ಮಾಡಾದು ಅಂತ ಆಚೆ ಬಂದ್ರೆ ಗೋಡೆ ಒತ್ತಿಗೆ ನಿಂತವೆ. ಬ್ಲೀಚಿಂಗ್ ಹಾಕಿ ತೊಳ್ದು ಒಣಗಾಕಿದ್ದೀಯ. ರೇಷ್ಮೆ ಇಲಾಖೆಯವ್ರು ತಿರುಗೋ ಚಂದ್ರಿಕೆ ಬತ್ತದೆ ಅಂತಿದ್ರಲ್ಲ, ನಮ್ ಕೆಂಪರಾಜನೇ ಮೊದಲು ತಂದವ್ನೆ ಅಂದೆ. ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ."

"ದೊಡ್ಡವ್ವ, ಅದು ಕಾರಿನ ಚಕ್ರ."

"ಇರ್ಲಿ ಬುಡು. ಹುಳ ಏನ್ ಕೇಳ್ತವಾ?"

ಕೆಂಪರಾಜು ಒಂದು ಚಕ್ರಕ್ಕೆ ಕೈ ಚಾಚಿದ. ಇಡೀ ಶೆಡ್ಡಿನ ಹೆಂಗಸರು ಒಟ್ಟಿಗೆ "ಮುಟ್ಬ್ಯಾಡ" ಎಂದರು. ನೂಲು ಬಿಟ್ಟ ಹುಳವನ್ನು ಅಲುಗಾಡಿಸಿದರೆ ಗೂಡು ಕೆಡುತ್ತದೆ ಎಂಬುದು ಅವನಿಗೂ ಹುಟ್ಟಿದಂದಿನಿಂದ ಗೊತ್ತಿದ್ದದ್ದೇ. ಕೈ ಹಿಂದಕ್ಕೆ ತೆಗೆದುಕೊಂಡ. ಟೈರಿನ ವಾಸನೆ ಹುಳಕ್ಕೆ ಆಗದೆಂದು ಇದ್ರೀಸನನ್ನೂ ಅವನ ಟೈರುಗಳನ್ನೂ ಬೀದಿಯಲ್ಲೇ ನಿಲ್ಲಿಸಲಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಗುಜರಿ ಹುಸೇನಣ್ಣನ ಲಾರಿ ಬಂತು. ಹುಸೇನಣ್ಣ ಕಾರಿನ ಸುತ್ತ ಒಂದು ಸಲ ಬಂದ. ಆಮೇಲೆ ಶೆಡ್ಡಿನ ಬಾಗಿಲಿನಿಂದ ಒಳಗೆ ಇಣುಕಿದ.

"ಆ ಕಡ್ಡಿ ಚಕ್ರ ಸೇರ್ಸಿ ಕೊಟ್ರೆ ತಗೋತೀನಮ್ಮ. ಬರೀ ಡಬ್ಬ ಯಾರಿಗ್ ಬೇಕು?"

ಕೆಂಪರಾಜು ಹೆಂಡತಿಯ ಮುಖ ನೋಡಿದ. ಲತಾಮಣಿ ಶೆಡ್ಡಿನೊಳಗೆ ನೋಡಿದಳು.

"ಚಕ್ರ ಕೊಡಕ್ಕಾಗಲ್ಲ ಹುಸೇನಣ್ಣ."

"ಗೂಡು ಬಿಡಿಸಿದ್ ಮೇಲೆ ಬತ್ತೀನಿ ಬುಡಿ."

"ಆಮ್ಯಾಕೂ ಕೊಡಲ್ಲ. ಮುಂದಿನ ಬೆಳೆಗೆ ಬೇಕು."

ಲಾರಿ ಖಾಲಿಯಾಗಿಯೇ ಹೋಯಿತು. ಕಾರು ಉಳಿಯಿತೆಂದು ಕೆಂಪರಾಜುವಿಗೆ ಹೋದ ಜೀವ ಬಂದಂತಾಯಿತು. ಮುಂದಿನ ಬೆಳೆ ಎಂಬ ಮಾತು ಸ್ವಲ್ಪ ತಡವಾಗಿ ತಲೆಗೆ ಹತ್ತಿತು. ಅದರ ಮುಂದಕ್ಕೆ ಇನ್ನೊಂದು ಬೆಳೆ, ಅದರಾಚೆಗೆ ಮತ್ತೊಂದು. ವರ್ಷವಿಡೀ ಆ ಮನೆಯಲ್ಲಿ ಹುಳ ಸಾಕುವುದು ನಿಂತದ್ದೇ ಇಲ್ಲ. ಅವನು ಹೋಗಿ ತಿಪ್ಪೆಯ ಪಕ್ಕದ ಕಾರಿನಲ್ಲಿ ಕೂತು ಸ್ಟೇರಿಂಗ್ ಹಿಡಿದುಕೊಂಡ. ಆಟೋದ ಹಿಂಬಾಗಿಲಿನ ವಿಷಯ ಮಾತಾಡಲು ಸ್ವಾಮಿಯೂ ಬಂದು ಪಕ್ಕದ ಸೀಟಿನಲ್ಲಿ ಕೂತ.

ಲತಾಮಣಿ ಹುಳ ತುಂಬಿದ ತಟ್ಟೆಯೊಂದನ್ನು ಸೊಂಟದ ಮೇಲಿಟ್ಟುಕೊಂಡು ಹತ್ತಿರ ಬಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಗಂಡನ ಬಗ್ಗೆ ಗೌರವ ಕಾಣುತ್ತಿತ್ತು.

"ಏನಂದ್ರೆ, ಇನ್ನೊಂದು ತಟ್ಟೆ ಉಳ್ಕಂಡ್ಬುಟ್ಟೈತೆ," ಎಂದಳು ಮೆತ್ತಗೆ. "ಕಾರಿಗೆ ಸ್ಟೆಪ್ನಿ ಅಂತಲೂ ಒಂದು ಇರ್ತದಂತಲ್ಲ, ಅದನ್ನ ಯಾಕ್ ತರ್ಲಿಲ್ಲ?"