ಹಲ್ಲು ಇತ್ತು ಎಂಬುದಕ್ಕೆ ಸಾಕ್ಷಿ

ಎಪ್ಪತ್ತೊಂದು ವರ್ಷದವನೊಬ್ಬ ತನ್ನ ಬಾಯಲ್ಲಿ ಹಲ್ಲಿತ್ತು ಅಂತ ಸರ್ಕಾರಕ್ಕೆ ಹೇಗೆ ರುಜುವಾತು ಮಾಡಿದ, ಊಹಿಸಿ ನೋಡೋಣ. ಆಗಲಿಲ್ಲವೇ? ಆಗುವುದಿಲ್ಲ ಬಿಡಿ. ಸರ್ಕಾರಿ ಫ್ಯಾಕ್ಟರಿಯಿಂದ ನಿವೃತ್ತನಾಗಿ, ಹೆಂಡತಿ ತೀರಿಕೊಂಡು, ತೆಲುಗು ಸೀಮೆಯ ಕುಷಾಯಿಗೂಡದ ಫ್ಲ್ಯಾಟಿನಲ್ಲಿ ಒಬ್ಬನೇ ಇರುವವನನ್ನು ಇಂಥ ಪ್ರಸಂಗಗಳೇ ಹುಡುಕಿಕೊಂಡು ಬರುತ್ತವೆ. ಬೇರೆ ಯಾರೂ ಬರುವುದಿಲ್ಲವಾದ್ದರಿಂದ ನಾನೂ ಅವನ್ನು ಕೂರಿಸಿ ಮಾತಾಡಿಸುತ್ತೇನೆ.

೧. ಹಂಪ್

ನನಗೆ ಎಲ್ಲಿಗೂ ಹೋಗುವ ಕೆಲಸವಿಲ್ಲ. ಆದರೂ ದಿನಾ ಸಂಜೆ ಷೇರ್ ಆಟೋ ಹತ್ತಿ ಬಸ್ ನಿಲ್ದಾಣದ ಬಳಿ ಇಳಿಯುತ್ತಿದ್ದೆ. ಅಲ್ಲಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಕೆಂಡದ ಮೇಲೆ ಮೆಕ್ಕೆಜೋಳದ ತೆನೆ ಸುಡುತ್ತಾಳೆ. ಒಂದು ತೆನೆ ಕೊಂಡರೆ ಅವಳ ಸ್ಟೂಲು ನನ್ನದು, ಒಂದು ತಾಸು ಕನ್ನಡವೂ ನನ್ನದು.

ಒಂದು ಸಂಜೆ ಆಟೋದಲ್ಲಿ ಡ್ರೈವರನ ಕಡೆ ತಿರುಗಿ ಏನೋ ಹೇಳುತ್ತಿದ್ದೆ. ಹಂಪ್ ಬಂತು. ಬಾಯಿ ಕಬ್ಬಿಣದ ಸರಳಿಗೆ ಬಡಿದು ಮುಂದಿನ ಮೂರು ಹಲ್ಲು ಹೋದವು.

"ಚಾಚಾ, ಜ್ಯಾದಾ ಲಗಾ ಕ್ಯಾ?" ಪೆಟ್ಟು ಜೋರಾಯಿತೇ ಅಂತ ಡ್ರೈವರನಿಗೆ ಗಾಬರಿ.

ನಾನು ಕರವಸ್ತ್ರದೊಳಗಿಂದಲೇ ಕೇಳಿದೆ: "ಅದಿರಲಿ, ಮಾತು ಎಲ್ಲಿಗೆ ಬಂದಿತ್ತು?"

೨. ಕೌಂಟರ್

ನಿವೃತ್ತರಿಗಿರುವ ನಮ್ಮ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ವಯಸ್ಸಾಗಿ ಬಿದ್ದ ಹಲ್ಲಿಗೆ ಏನೂ ಇಲ್ಲ. ಅಪಘಾತದಲ್ಲಿ ಹೋದ ಹಲ್ಲನ್ನು ಕಟ್ಟಿಸಿಕೊಡುತ್ತಾರೆ. ಹಲ್ಲಿಲ್ಲದೆ ತೆನೆಯಿಲ್ಲ, ತೆನೆಯಿಲ್ಲದೆ ಸ್ಟೂಲಿಗೆ ಯಾವ ನೆಪ? ಅರ್ಜಿ ಹಾಕಿದೆ. ಆಸ್ಪತ್ರೆಯ ಚೀಟಿಯಲ್ಲಿ 'ಬಾಯಿಗೆ ಪೆಟ್ಟು' ಎಂದಷ್ಟೇ ಇತ್ತು.

ಗುಮಾಸ್ತ ತೆಲುಗಿನಲ್ಲಿ ಮೆಲ್ಲಗೆ ಕೇಳಿದ: "ಪೆಟ್ಟು ಬಿದ್ದದ್ದು ಒಪ್ಪಿದೆ ಸಾರ್. ಅದಕ್ಕೆ ಮೊದಲು ಹಲ್ಲು ಇದ್ದವೇ?"

"ಇಲ್ಲದ ಹಲ್ಲು ಹೇಗಪ್ಪಾ ಮುರಿಯುತ್ತೆ?"

"ನಕ್ಕಿರೋ ಫೋಟೋ ತನ್ನಿ. ಇಲ್ಲವೇ, ಹಲ್ಲು ನೋಡಿದವರನ್ನು ಕರೆತನ್ನಿ."

ಪ್ರತಿ ನವೆಂಬರ್‌ನಲ್ಲಿ ಪಿಂಚಣಿಗಾಗಿ 'ಬದುಕಿದ್ದೇನೆ' ಎಂದು ಸಹಿ ಹಾಕುತ್ತೇನೆ. 'ಹಲ್ಲು ಸಮೇತ' ಎಂದು ಸೇರಿಸಬೇಕಿತ್ತು.

೩. ಆಲ್ಬಮ್

ನಮ್ಮ ಕಾಲದಲ್ಲಿ ಫೋಟೋಕ್ಕೆ ನಗುವುದು ಮರ್ಯಾದೆಯಲ್ಲ. ಮದುವೆಯ ಫೋಟೋದಲ್ಲಿ ನಾನು ಠಾಣೆಯಲ್ಲಿ ಕೂತವನ ಹಾಗಿದ್ದೇನೆ. ನಿವೃತ್ತಿಯ ದಿನ ಮಾತ್ರ ಬಾಯಿ ತೆರೆದಿದ್ದೆ. ಅದೇ ಗಳಿಗೆಗೆ ಯಾರೋ ಲಾಡು ತುರುಕಿದ್ದಾರೆ. ನಲವತ್ತು ವರ್ಷ ನನ್ನ ಹಲ್ಲು ನೋಡಿದವಳು ಗೋಡೆಯ ಮೇಲಿದ್ದಳು. "ನೀನಾದರೂ ಹೇಳೇ" ಅಂದೆ. ಅವಳೂ ತುಟಿ ಬಿಗಿದೇ ಫೋಟೋ ತೆಗೆಸಿಕೊಂಡವಳು.

೪. ಎದುರು ಮನೆ

ಎದುರು ಮನೆಯವರು ಆರು ವರ್ಷದಿಂದ ಅಲ್ಲೇ ಇದ್ದಾರೆ. ಸಾಕ್ಷಿ ಕೇಳೋಣವೆಂದು ಬೆಲ್ ಒತ್ತಿದೆ. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ಪಾರ್ಸಲ್ ಅಲ್ಲೇ ಇಟ್ಟು ಹೋಗಿ."

೫. ತೆನೆ

ಕೊನೆಗೆ ಮಧ್ಯಾಹ್ನವೇ ಬಸ್ ನಿಲ್ದಾಣಕ್ಕೆ ಹೋದೆ. ತೆನೆಯವಳು ದೂರದಿಂದಲೇ ಕೂಗಿದಳು: "ಎಲ್ಲಿ ಹೋಗಿದ್ರಿ ಕಾಕಾರ? ಹದಿನೈದು ದಿನ ಆತು. ನಿಮ್ಮ ಸ್ಟೂಲಿನ ಮ್ಯಾಲ ಯಾರನ್ನೂ ಕುಂದರಗೊಟ್ಟಿಲ್ಲ!"

ವಿಷಯ ಕೇಳಿದವಳೇ ಕೆಂಡಕ್ಕೆ ನೀರು ಹಾಕಿ ನನ್ನ ಜೊತೆ ಹೊರಟಳು.

ಗುಮಾಸ್ತ ಅವಳನ್ನು ಕೇಳಿದ: "ಇವರಿಗೆ ನೀವು ಏನಾಗಬೇಕು?"

"ಏನೂ ಆಗಂಗಿಲ್ರಿ. ದಿನಾ ಬರ್ತಾರ."

"ಹಲ್ಲು ನೋಡಿದ್ದೀರಾ?"

"ಗಟ್ಟಿ ತೆನೀನ ಬೇಕಂತಿದ್ರು. ಒಂದು ಕಾಳು ಬಿಡ್ತಿದ್ದಿಲ್ಲ."

"ದಿನಾ ಅಷ್ಟು ಜನ ತಿನ್ನುತ್ತಾರೆ. ಇವರ ಹಲ್ಲೇ ಹೇಗೆ ನೆನಪು?"

"ಉಳಿದವರು ತಿಂದು ಹೋಗ್ತಾರ್ರಿ. ಇವರು ತಿಂದ ಮ್ಯಾಲೂ ಒಂದು ತಾಸು ಬಾಯಿ ಮುಚ್ಚಂಗಿಲ್ಲ. ಎದುರಿಗೆ ಕುಂತಾಕಿ ನಾನು. ಆ ಹಲ್ಲು ನೋಡದ ಮತ್ತೇನು ನೋಡ್ಲಿ?"

ಅರ್ಧ ಗಂಟೆಯಿಂದ ನನ್ನ ಸರ್ವೀಸಿನ ಕತೆ ಕೇಳುತ್ತಿದ್ದ ಗುಮಾಸ್ತ ಅರ್ಜಿ ಎಳೆದುಕೊಂಡು ಮುದ್ರೆ ಒತ್ತಿದ.

ಅದು, ದಂತ ಮುರಿದುಕೊಂಡ ದೇವರ ಹಬ್ಬದ ಹಿಂದಿನ ದಿನ. ಗಣೇಶ ಚೌತಿಯ ಮುನ್ನಾದಿನ, ಮಂಗಳವಾರ.